ಏಳು ನಿಮಿಷದ ಪ್ರಸಂಗ

ಆ ಆದಿತ್ಯವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಮಳೆ ನಿಂತಿತ್ತು, ಎಂಐಡಿಸಿ ಕಾರ್ಖಾನೆಗಳ ಕಡೆಯ ವಾಸನೆ ನಿಂತಿರಲಿಲ್ಲ. ಕನ್ನಡ ಕ್ರೈಸ್ತ ಸಭೆಯವರು ಆರಾಧನೆಗೆಂದು ಬಾಡಿಗೆಗೆ ಹಿಡಿದ ಶಾಲೆಯಲ್ಲಿ ಒಂದೊಂದೇ ಕಿಟಕಿ ಮುಚ್ಚುತ್ತ ಸಭಾಪಾಲಕ ವಸಂತಕುಮಾರ ಅಯ್ಯನವರು ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಂಡರು. ಇಪ್ಪತ್ತೆರಡು ವರ್ಷಗಳ ಸೇವೆ ಇಂದಿಗೆ ಮುಗಿಯಿತು. ಶಿಷ್ಯ ಜಯೇಶ್ ಬೈಬಲ್ ವಾಕ್ಯದ ಮೇಲೆ ಪ್ರಸಂಗ ಮಾಡುತ್ತಾನೆ, ಸಭೆ ಕೈಯೆತ್ತಿ ಅವನನ್ನು ಹೊಸ ಸಭಾಪಾಲಕನೆಂದು ಒಪ್ಪುತ್ತದೆ, ಮಂಗಳವಾರ ತಾವು ಉಡುಪಿಗೆ, ಮಗಳ ಮನೆಗೆ. ಲೋವರ್ ಬರ್ತ್ ಕೂಡ ಕನ್ಫರ್ಮ್ ಆಗಿತ್ತು. ದೈವಚಿತ್ತ ಇಷ್ಟು ಸ್ಪಷ್ಟವಾಗಿ ಅವರಿಗೆ ಹಿಂದೆಂದೂ ತಿಳಿದಿರಲಿಲ್ಲ.

ಆಗಲೇ ಮೂರನೆಯ ಬೆಂಚಿನಲ್ಲಿ ರಮಾಮಣಿ ಕಂಡರು.

ರಮಾಮಣಿ ನವಿ ಮುಂಬೈ ಸಭೆಯ ಕಾರ್ಯದರ್ಶಿ. ಅಯ್ಯನವರು ಹಿಂದೆ ತಿದ್ದಿ ತೀಡಿ ತಯಾರು ಮಾಡಿದ್ದ ಯತಿನ್‌ನನ್ನು ಹೀಗೇ ಒಂದು ಆದಿತ್ಯವಾರ ಕೂತು ಕೇಳಿ, ಮರುವಾರವೇ ತಮ್ಮ ಸಭೆಗೆ ಎತ್ತಿಕೊಂಡು ಹೋದವರು. ಈಗ ಬಂಗುಡೆಯ ಕಿವಿರು ಎತ್ತಿ ನೋಡುವವರ ಹಾಗೆ ಜಯೇಶನನ್ನು ನೋಡುತ್ತಿದ್ದರು.

"ಅವರನ್ನು ಯಾರು ಕರೆದದ್ದು?" ಅಯ್ಯನವರು ಗಾಯನ ತಂಡದ ಲೋಲಾಕ್ಷಿಯನ್ನು ಕೇಳಿದರು.

"ನಾನೇ. ನಮ್ಮ ಹುಡುಗ ಮಾತಾಡುವುದು ಕೇಳಿ ಹೊಟ್ಟೆ ಉರಿಯಲಿ ಅಂತ." ಲೋಲಾಕ್ಷಿ ಜಯೇಶನ ಬಾಯಿಗೆ ಕರಿಮೆಣಸಿನ ಕಷಾಯ ಹಿಡಿದಿದ್ದರು. "ಎಲ್ಲರಿಗೂ ಕರ್ಚೀಫು ತರ್ಲಿಕ್ಕೆ ಹೇಳಿದ್ದೇನೆ ಅಯ್ಯನವರೇ. ಇವತ್ತು ಅಳದವರು ಪಾಪಿಗಳು."

ಅಯ್ಯನವರು ಶಿಷ್ಯನನ್ನು ಭೂಪಟಗಳಿಟ್ಟ ಕೋಣೆಗೆ ಎಳೆದರು.

"ಮಗಾ, ಇವತ್ತು ಖರಾಬ್ ಪ್ರಸಂಗ ಮಾಡು."

"ಕ್ಯಾ?"

"ನಮ್ಮವರಿಗೆ ನಿನ್ನ ಯೋಗ್ಯತೆ ಗೊತ್ತುಂಟು, ಕೈ ಎತ್ತಿಯೇ ಎತ್ತುತ್ತಾರೆ. ಆ ಅಮ್ಮನಿಗೆ ಮಾತ್ರ ಗೊತ್ತಾಗ್ಬಾರದು."

"ಖರಾಬ್ ಅಂದ್ರೆ ಕಿತ್ನಾ ಖರಾಬ್, ಅಯ್ಯನವರೇ?"

"ನಾನು ಹೊಸತರಲ್ಲಿ ಮಾಡ್ತಿದ್ದ ಹಾಗೆ. ಕತೆ ಬೇಡ, ನಗು ಬೇಡ, ತಲೆ ಎತ್ಲೇಬೇಡ."

ತಾವೇ ಬರೆದುಕೊಟ್ಟು ಆರು ತಿಂಗಳು ಬಾಯಿಪಾಠ ಮಾಡಿಸಿದ್ದ ನಲವತ್ತು ನಿಮಿಷದ ಪ್ರಸಂಗವನ್ನು ಮಡಚಿ ಅವನ ನಿಲುವಂಗಿಯ ಕಿಸೆಗೆ ತುರುಕಿದರು. ನಿಲುವಂಗಿಯೂ ಅವರದೇ, ಇವತ್ತಿನ ಮಟ್ಟಿಗೆ ಕೊಟ್ಟದ್ದು.

ಜಯೇಶ್ ಗುರುವಿನ ಮಾತು ಮೀರುವವನಲ್ಲ. ಬೈಬಲಿನ ಅರಣ್ಯಕಾಂಡದಲ್ಲಿ ಇಸ್ರಾಯೇಲರ ಜನಗಣತಿಯನ್ನು ತೆರೆದ. ಯಾವ ಗೋತ್ರದಲ್ಲಿ ಎಷ್ಟು ಸಾವಿರ ಗಂಡಸರು ಎಂಬುದನ್ನು ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟಿನ ಹಾಗೆ ಓದಿದ. "ಇಷ್ಟು ಜನ ಇದ್ದರು, ಆಮೆನ್" ಎಂದು ಕೂತ. ಏಳು ನಿಮಿಷ.

ಅಯ್ಯನವರಿಗೆ ಕಣ್ಣು ತುಂಬಿತು. ಎಂಥ ವಿಧೇಯತೆ.

"ಲೋಕಲ್ ರೈಲೇ ಇಲ್ಲದ ಮೆಗಾಬ್ಲಾಕಿನಲ್ಲಿ ಶಹಾಡಿನಿಂದ ನಿಂತುಕೊಂಡು ಬಂದದ್ದು ಜನಗಣತಿ ಕೇಳ್ಲಿಕ್ಕಾ?" ಹಿಂದಿನ ಬೆಂಚಿನಿಂದ ಹಿರಿಯರೊಬ್ಬರು ಎದ್ದರು. ಲೋಲಾಕ್ಷಿ ಒದ್ದೆಯಾಗದ ಕರ್ಚೀಫಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಒಪ್ಪುವವರು ಕೈ ಎತ್ತಿ ಎಂದಾಗ ಎದ್ದ ಕೈ ಒಂದೇ, ಅಯ್ಯನವರದು.

"ಇನ್ನೆರಡು ವರ್ಷ ಕಲಿಸಿ ಅಯ್ಯನವರೇ," ಎಂದರು ಲೋಲಾಕ್ಷಿ. "ನೀವು ಹೇಗೂ ಇದ್ದೀರಲ್ಲ."

ಹೋಗಲಿ, ಹುಡುಗನಾದರೂ ಉಳಿದ ಎಂದು ಅಯ್ಯನವರು ಲೋವರ್ ಬರ್ತನ್ನು ಕರ್ತನಿಗೆ ಒಪ್ಪಿಸುತ್ತಿರುವಾಗ ರಮಾಮಣಿ ನಗುತ್ತ ಬಂದರು.

"ನಿಮ್ಮ ಯತಿನ್ ಪ್ರಸಂಗ ಸುರು ಮಾಡಿದ್ರೆ ಒಂದೂಕಾಲು ಗಂಟೆ ಬಿಡ್ತಿರ್ಲಿಲ್ಲ. ಹನ್ನೊಂದಕ್ಕೆ ನಮ್ಮ ಹಾಲ್‌ನಲ್ಲಿ ಜುಂಬಾ ಕ್ಲಾಸು. ಆ ಹೆಂಗಸರು ಹಿಂದೆ ನಿಂತು ಕಾಲು ಕುಣಿಸ್ಲಿಕ್ಕೆ ಸುರು ಮಾಡ್ತಿದ್ರು. ಹೋದ ತಿಂಗಳು ಠಾಣೆಯ ಸಭೆಯವರು ಅವನನ್ನು ತಮಗೆ ಕೊಡಿ ಅಂತ ಕೇಳಿದ್ರು, ನಾವು ತಡೀಲಿಲ್ಲ." ಅವರು ದನಿ ತಗ್ಗಿಸಿದರು. "ಏಳು ನಿಮಿಷದವನು ಎಲ್ಲಿ ಸಿಗ್ತಾನೆ ಮಾರಾಯ್ರೇ. ಇವನಿಗೆ ಮನೆಯೂ ಕೊಡ್ತೇವೆ. ನಿಮ್ಮವರಿಗೆ ಬೇಡ ಅಂತಾಯ್ತಲ್ಲ, ಇನ್ನು ನೀವು ಬೇಡ ಅನ್ನುವ ಹಾಗಿಲ್ಲ."

ಅಯ್ಯನವರು ಹೋಗಿ ಮುಚ್ಚಿದ್ದ ಕಿಟಕಿಯೊಂದನ್ನು ತೆರೆದರು. ಒಳಗೆ ಬಂದದ್ದು ಎಂಐಡಿಸಿ ವಾಸನೆ.

ಜಯೇಶ್ ನಿಲುವಂಗಿ ಕಳಚಿದ, ಅವರೇ ಕಲಿಸಿದಂತೆ ನೀಟಾಗಿ ಮಡಚಿ ಅವರ ತೋಳಿನ ಮೇಲೆ ಇಟ್ಟ. ಆಮೇಲೆ ಏನೋ ನೆನಪಾಗಿ, ಕಿಸೆಯಿಂದ ಆ ಹಾಳೆಗಳನ್ನು ತೆಗೆದು ಮೆಲ್ಲಗೆ ಅವರ ಕೈಗಿತ್ತ.

"ಇದೂ ನಿಮ್ಮದೇ ಅಯ್ಯನವರೇ. ಬರುವ ಆದಿತ್ಯವಾರಕ್ಕೆ ಬೇಕಾಗ್ತದೆ."