ಬಿಟ್ಟು ಓದಬಾರದ ಅಧ್ಯಾಯ

ದೇವರಲ್ಲಿ ನನಗೆ ಎಷ್ಟು ನಂಬಿಕೆ ಇದೆ ಎಂದು ಯಾರಾದರೂ ಕೇಳಿದರೆ, ಕೇಳುತ್ತಿರುವವರು ಯಾರೆಂದು ನೋಡಿಕೊಂಡು ಉತ್ತರ ಹೇಳುವವನು ನಾನು. ನಮ್ಮ ಚರ್ಚಿನ ಅಯ್ಯನವರು ಕೇಳಿದರೆ ಬೆಟ್ಟದಷ್ಟು. ವಿದ್ಯಾಗಿರಿಯಲ್ಲಿ ಬೆಳಿಗ್ಗೆ ವಾಕಿಂಗಿಗೆ ಜೊತೆಯಾಗುವ ಲಿಂಗಾಯತ ಗೆಳೆಯರು ಕೇಳಿದರೆ, "ಎಲ್ಲಾ ದೇವರೂ ಒಂದರೀ, ಮನಸು ಸ್ವಚ್ಛ ಇದ್ರ ಮುಗೀತು" ಎನ್ನುತ್ತೇನೆ. ಹೆಂಡತಿ ಕೇಳುವುದಿಲ್ಲ, ಅವಳಿಗೆ ಗೊತ್ತು. ನಮ್ಮಜ್ಜ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಲೇ ಕೀರ್ತನೆ ಹಾಡುತ್ತಿದ್ದನಂತೆ. ಅವನಿಂದ ನನಗೆ ಬಂದದ್ದು ದನಿ ಒಂದೇ, ಭಕ್ತಿ ದಾರಿಯಲ್ಲೆಲ್ಲೋ ಉದುರಿಹೋಗಿದೆ. ಆದರೂ ಆ ದನಿಯನ್ನು ಕೇಳಿದವರು ನನ್ನನ್ನು ದೊಡ್ಡ ಭಕ್ತನೆಂದೇ ತಿಳಿದಿದ್ದಾರೆ, ನಾನೂ ಅವರ ನಂಬಿಕೆಗೆ ಧಕ್ಕೆ ತಂದಿಲ್ಲ.

ಇಂಥ ನಾನು ಹೋದ ತಿಂಗಳು ಒಂದು ಕಾಗದಕ್ಕೆ ಸಹಿ ಹಾಕಿದೆ. ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ಸುಜಾತಾ ಖಾಸಗಿ ದವಾಖಾನೆಯೊಂದರಲ್ಲಿ ನರ್ಸು. ಗಂಡ ಬಿಟ್ಟುಹೋಗಿ ಆರು ವರ್ಷವಾಯಿತು, ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು. ಚರ್ಚಿನಲ್ಲಿ ಸಂಡೇ ಸ್ಕೂಲ್ ನಡೆಸುವವಳು ಅವಳೇ. ವಾರವೆಲ್ಲ ರೋಗಿಗಳ ನಡುವೆ ಓಡಾಡಿ ಸುಸ್ತಾದರೂ ರವಿವಾರ ಆ ಮಕ್ಕಳ ಮುಂದೆ ನಿಂತಾಗ ಅವಳ ಮುಖ ಅರಳುತ್ತದೆ. "ಅಂಕಲ್, ಈ ಒಂದು ತಾಸು ಇರಲಿಲ್ಲಂದ್ರ ನಾ ಯಾವಾಗೋ ಹುಚ್ಚಿ ಆಗತಿದ್ದೆ" ಎಂದು ಒಮ್ಮೆ ನನ್ನ ಮುಂದೆಯೇ ಹೇಳಿದ್ದಳು.

ಈಗ ಅವಳು ಶಿರೂರಿನ ಮಲ್ಲಿಕಾರ್ಜುನ ಎಂಬ ಲ್ಯಾಬ್ ಟೆಕ್ನಿಶಿಯನ್ನನ್ನು ಮದುವೆಯಾಗುವವಳಿದ್ದಾಳೆ. ಹುಡುಗ ಲಿಂಗಾಯತ. ಅವನ ತಾಯಿ ಒಂದು ದಿನ ಹುಡುಗಿಯನ್ನು ನೋಡಲು ಬಂದಿದ್ದಳು. ಧರ್ಮದ ಮಾತು ಬಂದೀತೆಂದು ನಾವು ಗಂಡಹೆಂಡಿರು ಉಸಿರು ಬಿಗಿಹಿಡಿದು ಕೂತಿದ್ದೆವು. ಆ ತಾಯಿ ಚಹಾ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಿಮಗೂ ಒಬ್ಬನ ದೇವರು, ನಮಗೂ ಒಬ್ಬನ. ಅದಿರಲಿ, ನಿನಗ ರೊಟ್ಟಿ ಬಡಿಯಾಕ ಬರತೈತೇನವಾ?" ಎಂದಳು. ಬರುತ್ತದೆ ಎಂದ ಮೇಲೆ ಆ ಕಡೆಯ ಧರ್ಮಶಾಸ್ತ್ರ ಮುಗಿಯಿತು.

ಮುಗಿಯದೆ ಉಳಿದದ್ದು ಈ ಕಡೆಯದು. ಚರ್ಚಿನ ಹಿರಿಯರಾದ ದೇವಪುತ್ರಪ್ಪ ಮಾಸ್ತರರು ಬಾದಾಮಿ ಸ್ಟೇಶನ್ನಿಗೆ ಬೀಗರನ್ನು ಬಿಡಲು ಹೋದಾಗ, ಸುಜಾತಾ ಬೈಕಿನಲ್ಲಿ ಆ ಹುಡುಗನ ಹಿಂದೆ ಕೂತದ್ದನ್ನು ಕಣ್ಣಾರೆ ಕಂಡರು. ಮರುದಿನವೇ ನಮ್ಮ ಮನೆಗೆ ಬಂದು, ಗಂಡನಿರುವಾಗ ಇನ್ನೊಂದು ಮದುವೆ ವ್ಯಭಿಚಾರವೆಂದು ಸತ್ಯವೇದದಲ್ಲಿದೆ, ಅಂಥವಳು ಎಳೆಯರಿಗೆ ಪಾಠ ಹೇಳುವುದು ತರವಲ್ಲ ಎಂದು ಒಂದು ಅರ್ಜಿ ಮುಂದಿಟ್ಟರು. ಇಬ್ಬರು ಸಹಿ ಹಾಕಿದರೆ ಸಾಕು, ಅವಳು ಸಂಡೇ ಸ್ಕೂಲ್ ಬಿಡಬೇಕು. ಅವರು ಆಗಲೇ ಹಾಕಿದ್ದರು.

ಆ ಅರ್ಜಿ ಶುದ್ಧ ಅನ್ಯಾಯವೆಂದು ನನಗೆ ಅನ್ನಿಸಿತ್ತು. ದೇವರು ಇದ್ದರೂ ಬಾದಾಮಿ ರಸ್ತೆಯ ಬೈಕುಗಳನ್ನು ಎಣಿಸುತ್ತ ಕೂರುವವನಲ್ಲ ಎಂಬುದು ನನ್ನ ಖಾಸಗಿ ಅಭಿಪ್ರಾಯ. ಆದರೆ ಎದುರಿಗೆ ಕೂತವರಿಗೆ ಇಲ್ಲ ಎನ್ನುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಮೇಲಾಗಿ ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಅರ್ಜಿ ಕಂಡರೆ ಕೈ ಸುಮ್ಮನಿರುವುದಿಲ್ಲ. "ಸದರಿಯವರ ನಡತೆಯು ಮಕ್ಕಳ ಮೇಲೆ ಪರಿಣಾಮ ಬೀರುವುದರಿಂದ" ಎಂಬ ಸಾಲನ್ನು ಎರಡು ಸಲ ಓದಿ, "ಬರೇ ಪರಿಣಾಮ ಅಂದ್ರ ತೂಕ ಬರೂದಿಲ್ರಿ ಮಾಸ್ತರ" ಎಂದು ನನ್ನ ಕೈಯಿಂದಲೇ ಅದನ್ನು 'ದುಷ್ಪರಿಣಾಮ' ಎಂದು ತಿದ್ದಿ ಸಹಿ ಹಾಕಿದೆ. ಹೆಂಡತಿ ಸಂತೆಗೆ ಹೋಗಿದ್ದಳು.

ನಮ್ಮಲ್ಲಿ ಗುರುವಾರ ಸಂಜೆ ಮನೆಪ್ರಾರ್ಥನೆ, ವಾರಕ್ಕೊಂದು ಮನೆ. ಸತ್ಯವೇದದ ಒಂದು ಅಧ್ಯಾಯವನ್ನು ಆ ಮನೆಯ ಯಜಮಾನ ಓದಬೇಕು. ಮೊದಲಿನಿಂದ ಸಾಲಾಗಿ ಓದುತ್ತ ಹೋಗುವುದು, ಒಂದನ್ನೂ ಬಿಡುವಂತಿಲ್ಲ. ಆಮೇಲೆ ಸೂಸಲಾ, ಮಿರ್ಚಿ ಭಜಿ, ಚಹಾ. ಭಕ್ತರ ಸಂಖ್ಯೆ ಭಜಿಯ ಮೇಲೆ ನಿಂತಿದೆ ಎಂಬುದು ನನ್ನ ಇನ್ನೊಂದು ಖಾಸಗಿ ಅಭಿಪ್ರಾಯ. ಮಾಸ್ತರರು ಲೆಕ್ಕ ಹಾಕಿ ನೋಡಿದ್ದರು, ನಮ್ಮ ಮನೆಗೆ ಮೊದಲ ಪುಸ್ತಕದ ಮೂವತ್ತೊಂಬತ್ತನೆಯ ಅಧ್ಯಾಯ ಬರುತ್ತಿತ್ತು. ತಾನು ಆಳಾಗಿದ್ದ ಮನೆಯ ಒಡತಿ ಬಟ್ಟೆ ಹಿಡಿದು ಎಳೆದಾಗ ಆ ಬಟ್ಟೆಯನ್ನೇ ಬಿಟ್ಟು ಓಡಿಹೋದ ಶೀಲವಂತ ಯುವಕನ ಕಥೆ ಅದು. ಅದರ ಮೇಲೆ ಎರಡು ಮಾತಾಡಿ, ಎಲ್ಲರೆದುರಿಗೆ ಅರ್ಜಿ ತೆಗೆಯುವುದು ಅವರ ಯೋಜನೆ. ಆದರೆ ಹಿಂದಿನ ವಾರದ ಮನೆಯವರು ಸತ್ತ ಸಂಬಂಧಿಕರೊಬ್ಬರ ಮಣ್ಣಿಗೆಂದು ಹುನಗುಂದಕ್ಕೆ ಹೋಗಿದ್ದರಿಂದ ಪ್ರಾರ್ಥನೆ ನಿಂತು, ನನ್ನ ಪಾಲಿಗೆ ಬಂದದ್ದು ಮೂವತ್ತೆಂಟು.

ತೆರೆದು ನೋಡಿದ ಮಾಸ್ತರರ ಮುಖ ಬಿಳಿಚಿತು. "ಇದನ್ನ ಬಿಟ್ಟು ಮುಂದಿಂದು ಓದ್ರಿ. ಹೆಣ್ಮಕ್ಕಳು ಕುಂತಾರ" ಎಂದರು.

"ಹೆಸರಿನ ಯಾದಿ, ಕುರಿ ಲೆಕ್ಕ, ಎಲ್ಲಾ ಓದೇವ್ರಿ. ಒಂದೂ ಬಿಟ್ಟಿಲ್ಲ. ಇದನ್ಯಾಕ ಬಿಡೂದು?" ಎಂದಳು ನನ್ನ ಹೆಂಡತಿ.

ನಾನು ಕನ್ನಡಕ ಮೂಗಿಗೇರಿಸಿ, ರೈಲಿನ ವೇಗದಲ್ಲಿ ಓದತೊಡಗಿದೆ. ಹೆಂಡತಿ ಸತ್ತ ಒಬ್ಬ ದೊಡ್ಡ ಮನುಷ್ಯ ಕುರಿಯ ಉಣ್ಣೆ ಕತ್ತರಿಸುವಲ್ಲಿಗೆ ಹೊರಟಿದ್ದಾನೆ. ದಾರಿಯಲ್ಲಿ ಮುಸುಕು ಹಾಕಿ ಕೂತವಳನ್ನು ಸೂಳೆಯೆಂದು ತಿಳಿದು ಅವಳ ಬಳಿ ಹೋಗುತ್ತಾನೆ. "ಜೋರಾಗಿ ಓದೋ ತಮ್ಮಾ, ಕೇಳವಲ್ದು" ಎಂದಳು ಎಸ್ತೇರವ್ವ, ಎಂಬತ್ತು ದಾಟಿದ ಇಲಕಲ್ಲಿನ ಮುದುಕಿ. ಜೋರಾಗಿ ಓದಿದೆ. ಅಜ್ಜನ ದನಿ ಬೀದಿಯವರೆಗೂ ಹೋಯಿತು. ಮುಸುಕಿನೊಳಗಿದ್ದವಳು ಅವನ ವಿಧವೆ ಸೊಸೆ. ಮರುಮದುವೆ ಮಾಡಿಸುತ್ತೇನೆಂದು ಮಾತು ಕೊಟ್ಟು, ತವರಿನಲ್ಲಿ ಕೂರಿಸಿ ಮರೆತವನು ಅವನೇ. ಒತ್ತೆಗೆಂದು ಅವನ ಮುದ್ರೆಯನ್ನೂ ಕೋಲನ್ನೂ ಅವಳು ಇಸಿದುಕೊಂಡಿದ್ದಾಳೆ. ಮೂರು ತಿಂಗಳಿಗೆ ಸೊಸೆ ಬಸುರಿ ಎಂದು ಸುದ್ದಿ ಬಂದಾಗ, ಎಳೆದು ತಂದು ಸುಡಿ ಎನ್ನುತ್ತಾನೆ.

"ಸುಡ್ರಿ ಅಂದಾವ ಅವನ ಏನು?" ಎಸ್ತೇರವ್ವ ಕೇಳಿದಳು.

"ಹೌದಬೇ."

"ಹಂಗಾರ ಚರ್ಚಿನ ಹಿರಿಯ ಇರಬೇಕು."

ಯಾರೂ ನಗಲಿಲ್ಲ, ಎಲ್ಲರೂ ಕೆಮ್ಮಿದರು. ಮುಂದೆ ಅವಳು ಕೋಲು ಕಳಿಸಿ, ಇದು ಯಾರದು ನೋಡಿ ಎನ್ನುತ್ತಾಳೆ. ಅವನು ಗುರುತಿಸಿ, ತಪ್ಪು ನನ್ನದು, ನನಗಿಂತ ಇವಳೇ ನೆಟ್ಟಗಿದ್ದಾಳೆ ಎಂದು ಒಪ್ಪಿಕೊಳ್ಳುತ್ತಾನೆ. ಓದು ಮುಗಿಯಿತು. ಮೂಲೆಯಲ್ಲಿ ಕೂತಿದ್ದ ಸುಜಾತಾ ಮೆಲ್ಲಗೆ, "ಯೇಸುಸ್ವಾಮಿ ವಂಶಾವಳ್ಯಾಗ ಆಕಿ ಹೆಸರು ಐತ್ರಿ. ಮಕ್ಕಳಿಗೆ ಬಾಯಿಪಾಠ ಮಾಡಿಸೇನಿ" ಎಂದಳು.

ಮಾಸ್ತರರಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಅರ್ಜಿ ತೆಗೆದು, "ಇದು ನನ್ನೊಬ್ಬನ ಮಾತಲ್ಲ. ಈ ಮನಿ ಯಜಮಾನರ ಸಹೀನೂ ಐತಿ" ಎಂದರು. ಕಾಗದ ನನ್ನ ಹೆಂಡತಿಯ ಕೈಗೆ ಬಂತು. ಅವಳು ಓದಿ ಸುಜಾತಾಗೆ ಕೊಟ್ಟಳು. ಸುಜಾತಾ ಓದಿದಳು. ಅತ್ತಾಳು ಎಂದುಕೊಂಡೆ, ಅಳಲಿಲ್ಲ. ನನ್ನ ಕಡೆ ನೋಡಿ, "ಅಂಕಲ್, ನೀವು ಇದನ್ನ ಓದದನ ಸಹಿ ಮಾಡಿರಬೇಕು, ಅಲ್ರಿ?" ಎಂದಳು.

ಅವಳು ನನಗಾಗಿ ಬಾಗಿಲು ತೆರೆದು ನಿಂತಿದ್ದಳು. ನನಗೆ ಎಂಥ ನಾಚಿಕೆಯಾಯಿತೆಂದರೆ ನೆಲದಲ್ಲಿ ಹೂತುಹೋಗಬೇಕೆನ್ನಿಸಿತು. ತಪ್ಪು ನನ್ನದು ಎಂಬ ಮಾತನ್ನು ಎರಡು ನಿಮಿಷದ ಹಿಂದಷ್ಟೇ ಬೀದಿಗೆಲ್ಲ ಕೇಳುವಂತೆ ಓದಿದ್ದೆ. ಸತ್ಯವೇದ ಇನ್ನೂ ತೊಡೆಯ ಮೇಲೆ ತೆರೆದೇ ಇತ್ತು.

"ಹೌದವಾ, ಕನ್ನಡಕ ಇರಲಿಲ್ಲ" ಎಂದೆ.

ಮಾಸ್ತರರು ನನ್ನನ್ನೇ ನೋಡಿದರು. ಆ 'ದುಷ್' ಸೇರಿಸಿದವರು ಯಾರು ಎಂದು ಒಂದು ಮಾತು ಕೇಳಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. "ಓದದ ಸಹಿ ನಡಿಯೂದಿಲ್ಲ ಬಿಡ್ರಿ" ಎಂದು ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಅವರು ನಂಬಿದ್ದು ತಪ್ಪಿರಬಹುದು, ಆದರೆ ನಂಬಿಯೇ ಸಹಿ ಹಾಕಿದ್ದರು. ಸುಜಾತಾ ನನ್ನ ತಟ್ಟೆಗೆ ಇನ್ನೆರಡು ಮಿರ್ಚಿ ಹಾಕಿದಳು. ನಾನು ತಿಂದೆ.

ಎಲ್ಲರೂ ಹೋದ ಮೇಲೆ ಹೆಂಡತಿ ತಟ್ಟೆಗಳನ್ನು ಒಟ್ಟುಮಾಡುತ್ತಿದ್ದಳು. ಮೂವತ್ತು ವರ್ಷದಿಂದ ನನ್ನ ಅಕ್ಷರ ನೋಡುತ್ತ ಬಂದವಳು, ತಿದ್ದಿದ ಕೈ ಯಾವುದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ. ಬೈದಾಳೆಂದು ಕಾದೆ. ಬೈಯಲಿಲ್ಲ.

"ಮುಂದಿನ ವಾರದ ಅಧ್ಯಾಯದಾಗ ಬಟ್ಟಿ ಬಿಟ್ಟು ಓಡಿ ನೆಟ್ಟಗ ನಡದಾವ ಜೇಲಿಗೆ ಹೋಗ್ತಾನ," ಎಂದಳು. "ನೀವೇನು ಅಂಜಬ್ಯಾಡ್ರಿ. ನಿಮಗ ಆ ಅಪಾಯ ಇಲ್ಲ."