ಉಡಿ ತುಂಬಿಸಿಕೊಂಡ ಮ್ಯಾನೇಜರ್

ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಅದೇ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತದೆ. ನಮ್ಮ ಮಾಲಕರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ಶೋರೂಮುಗಳಿವೆ. ಬಿಲ್ ಬರೆಯಲು ಸೇರಿದ ನಾನು ಮೂರು ಊರುಗಳಲ್ಲಿ ಮೂರು ಥರದ ಮ್ಯಾನೇಜರುಗಳ ಕೈಕೆಳಗೆ ಪಳಗಿ, ನಾಲ್ಕನೆಯದರಲ್ಲಿ ನಾನೇ ಮ್ಯಾನೇಜರ್ ಆದೆ. ಆಗ ಮಾಲಕರು ಒಂದೇ ಮಾತು ಹೇಳಿದರು: "ವ್ಯಾಪಾರ ನಿಮಗ ಬರ್ತೈತಿ, ಅದರ ಚಿಂತಿಲ್ಲ. ಅಲ್ಲಿ ಗಂಡಸರು ನಿಮ್ಮನ್ನ ಮ್ಯಾನೇಜರ್ ಅಂತ ಒಪ್ಕೋತಾರೋ ಇಲ್ಲೋ, ಅದನ್ನ ನೋಡಬೇಕು." ಅಂದಿನಿಂದ ನನಗೂ ಅದೇ ಚಿಂತೆ ಹತ್ತಿತು. ಒಪ್ಪಿಸಿಕೊಳ್ಳುವುದು ಹೇಗೆಂದು ತಿಳಿಯಲು ನನ್ನ ಹಳೆಯ ಮ್ಯಾನೇಜರುಗಳನ್ನೆಲ್ಲ ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡೆ. ಅದರಿಂದ ಏನೂ ಉಪಯೋಗವಾಗಲಿಲ್ಲ, ನಗು ಮಾತ್ರ ಬಂತು.

ಇಂಡಿ: ಎಲ್ಲಾ ತಾನೇ

ಇಂಡಿಯ ಮ್ಯಾನೇಜರಿಗೆ ಯಾರ ಕೆಲಸವೂ ಸರಿಬರುತ್ತಿರಲಿಲ್ಲ. "ಆ ಕಡೆ ಸರೀರಿ, ನಾ ಮಾಡಿ ತೋರಸ್ತೇನಿ" ಎಂದು ಮೆಕ್ಯಾನಿಕ್ಕಿನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಳ್ಳುತ್ತಿದ್ದರು, ನನ್ನ ಕೈಯಿಂದ ಪೆನ್ನು ಕಸಿದುಕೊಳ್ಳುತ್ತಿದ್ದರು. ಒಮ್ಮೆ ಚಹಾದವನ ಕೈಯಿಂದ ಕಿಟಲಿ ಕಸಿದುಕೊಂಡು, ಚಹಾ ಹೇಗೆ ಹಾಕಬೇಕೆಂದು ಅವನಿಗೇ ಕಲಿಸಿದ್ದೂ ಉಂಟು. ನಾವು ಮೊದಮೊದಲು ನಾಚಿಕೊಂಡೆವು, ಆಮೇಲೆ ರೂಢಿ ಮಾಡಿಕೊಂಡೆವು.

ಒಂದು ದಿನ ಅವರು ಪ್ಯಾಂಟು ಮಡಚಿ, ಪೈಪು ಹಿಡಿದು ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದರು. ನಾವೆಲ್ಲ ಒಳಗೆ ಫ್ಯಾನಿನ ಕೆಳಗೆ ಸಾಲಾಗಿ ಕೂತಿದ್ದೆವು. ಝಳಕಿಯ ದೊಡ್ಡ ರೈತರೊಬ್ಬರು ಬಂದರು. ಅಂಗಳದಲ್ಲೇ ನಿಂತು, "ಏ ತಮ್ಮಾ, ಗಾಲಿ ಹಿಂದನೂ ನೀರ ಹೊಡಿ" ಎಂದು ಹೇಳಿ ಒಳಗೆ ಬಂದು ನಮಗೆಲ್ಲ ಕೈಮುಗಿದರು.

"ನಿಮ್ಮೊಳಗ ಮ್ಯಾನೇಜರ್ ಸಾಹೇಬ್ರು ಯಾರ್ರಿ?"

ನಾನು ಹೊರಗೆ ಬೆರಳು ಮಾಡಿದೆ. ರೈತರು ತಿರುಗಿ ನೋಡಿದರು. ಆಮೇಲೆ ನಮ್ಮ ಕಡೆ ನೋಡಿದರು.

"ಹಂಗಾರ, ನೀವೆಲ್ಲಾ ಇಲ್ಲಿ ಏನ್ ಮಾಡ್ತೀರಿ?"

ಉತ್ತರ ಕೊಡಲು ಅಂಗಳದಿಂದ ಮ್ಯಾನೇಜರನ್ನೇ ಕರೆಯಬೇಕಾಯಿತು.

ಸಿಂದಗಿ: ಎಲ್ಲರ ಅಭಿಪ್ರಾಯ

ಸಿಂದಗಿಯ ಮ್ಯಾನೇಜರು ದೇವರಂಥ ಮನುಷ್ಯ. ಯಾರನ್ನೂ ಕೇಳದೆ ಏನನ್ನೂ ಮಾಡುತ್ತಿರಲಿಲ್ಲ. ಬೇಸಿಗೆ ಶುರುವಾಗುವ ಹೊತ್ತಿಗೆ ಮಾಲಕರು ಒಂದು ಏರ್ ಕೂಲರ್ ಕಳಿಸಿಕೊಟ್ಟರು. ಅದರ ರಟ್ಟಿನ ಡಬ್ಬಿ ಬಿಚ್ಚುವ ಮೊದಲೇ ಮ್ಯಾನೇಜರು ಮೀಟಿಂಗ್ ಕರೆದರು: "ಇದನ್ನ ಎಲ್ಲಿ ಇಡೂಣು? ಎಲ್ಲಾರೂ ಅಭಿಪ್ರಾಯ ಹೇಳ್ರಿ."

ಮೆಕ್ಯಾನಿಕ್ಕುಗಳು ವರ್ಕ್‌ಶಾಪಿನಲ್ಲಿ ಅಂದರು, ನಾನು ಕೌಂಟರ್ ಹತ್ತಿರ ಅಂದೆ, ಸೇಲ್ಸಿನವರು ಗಿರಾಕಿ ಕೂರುವಲ್ಲಿ ಅಂದರು. ಯಾರ ಮನಸ್ಸೂ ನೋಯಬಾರದೆಂದು ಮ್ಯಾನೇಜರು ವಿಷಯವನ್ನು ಮುಂದಿನ ವಾರಕ್ಕೆ ಹಾಕಿದರು. ಮುಂದಿನ ವಾರವೂ ಹಾಗೇ ಆಯಿತು. ಸಿಂದಗಿಯ ಬಿಸಿಲಿಗೆ ನಾವೆಲ್ಲ ಬೆಂದು ಹೋದೆವು. ಕೂಲರ್ ಮಾತ್ರ ಮೂಲೆಯ ನೆರಳಲ್ಲಿ ಆರಾಮಾಗಿ ಕೂತಿತ್ತು.

ಕಡೆಗೆ ಎಲ್ಲರೂ ಒಪ್ಪಿ ಡಬ್ಬಿ ಬಿಚ್ಚುವ ದಿನ ಹೊರಗೆ ಮಳೆ ಸುರಿಯುತ್ತಿತ್ತು. ಡಬ್ಬಿಯ ಹರಿದ ಬದಿಯಿಂದ ಒಳಹೊಕ್ಕ ಬೆಕ್ಕೊಂದು ಅಲ್ಲೇ ಮರಿ ಹಾಕಿತ್ತು. ಅದು ಯಾರ ಅಭಿಪ್ರಾಯವನ್ನೂ ಕೇಳಿರಲಿಲ್ಲ. ಮ್ಯಾನೇಜರು ಮರಿಗಳನ್ನು ನೋಡಿ ಕರಗಿಹೋದರು. ಮೆಲ್ಲಗೆ ಡಬ್ಬಿ ಮುಚ್ಚಿ ನಮ್ಮತ್ತ ತಿರುಗಿದರು.

"ಈಗ ಇವನ್ನ ಎಲ್ಲಿ ಇಡೂಣು? ಬರ್ರಿ, ಎಲ್ಲಾರೂ ಕುಂದರ್ರಿ."

ಮುದ್ದೇಬಿಹಾಳ: ಇದು ನಿಮ್ಮದೇ ಅಂಗಡಿ

ಮುದ್ದೇಬಿಹಾಳದ ಮ್ಯಾನೇಜರು ಹುಬ್ಬಳ್ಳಿಯಲ್ಲಿ ಯಾವುದೋ ತರಬೇತಿ ಮುಗಿಸಿ ಬೇರೆಯೇ ಮನುಷ್ಯರಾಗಿ ಬಂದರು. ಬಂದವರೇ ನಮ್ಮನ್ನೆಲ್ಲ ನಿಲ್ಲಿಸಿ, "ಇವತ್ತಿಂದ ಇದು ನನ್ನ ಶೋರೂಮ್ ಅಲ್ಲ, ನಿಮ್ಮದು. ಒಬ್ಬೊಬ್ಬರೂ ಮಾಲಕರ ಹಂಗ ವಿಚಾರ ಮಾಡ್ರಿ" ಅಂದರು. ನಾವು ಚಪ್ಪಾಳೆ ತಟ್ಟಿ ಮರೆತೆವು. ಮರೆಯದವರು ಒಬ್ಬರೇ, ನಮ್ಮ ಹೆಡ್ ಮೆಕ್ಯಾನಿಕ್ ಚಾಚಾ.

ಮರುವಾರ ಒಂದು ಬೆಳಿಗ್ಗೆ ಬಂದು ನೋಡಿದರೆ ಚಾಚಾ ಇಲ್ಲ, ಗಿರಾಕಿಗೆ ಓಡಿಸಿ ತೋರಿಸುವ ಡೆಮೊ ಟ್ರ್ಯಾಕ್ಟರೂ ಇಲ್ಲ. ಫೋನ್ ಎತ್ತುವವರಿಲ್ಲ. ಮ್ಯಾನೇಜರು ಪೊಲೀಸ್ ಠಾಣೆಗೆ ಹೊರಡುವಷ್ಟರಲ್ಲಿ ವಾಟ್ಸಾಪಿಗೆ ಒಂದು ಫೋಟೊ ಬಂತು. ಕೊಲ್ಹಾರದಲ್ಲಿ ಚಾಚಾನ ತಂಗಿಯ ಮಗನ ಮದುವೆ. ಅಡಿಯಿಂದ ಮುಡಿಯವರೆಗೆ ಹೂವು ಮುಚ್ಚಿದ ನಮ್ಮ ಟ್ರ್ಯಾಕ್ಟರ್, ಮಡ್‌ಗಾರ್ಡಿನ ಮೇಲೆ ಮದುಮಗ, ಸ್ಟೀರಿಂಗ್ ಹಿಡಿದು ಕರಿ ಕನ್ನಡಕದಲ್ಲಿ ಚಾಚಾ.

ಮರುದಿನ ಚಾಚಾ ಮದುವೆಯ ಲಾಡು ಹಂಚುತ್ತ ಒಳಗೆ ಬಂದರು. ಮ್ಯಾನೇಜರು ಹರಿಹಾಯ್ದರು: "ಒಂದ್ ಮಾತರ ಕೇಳಬಾರದೇನು? ಗಾಡೀನೂ ಕೇಳಲಿಲ್ಲ, ರಜಾನೂ ಕೇಳಲಿಲ್ಲ!"

ಚಾಚಾ ಅವರ ಕೈಗೂ ಒಂದು ಲಾಡು ಇಟ್ಟರು. "ನನ್ನ ಅಂಗಡ್ಯಾಗ ನಾ ಯಾರನ್ನ ಕೇಳ್ಲಿ ಸಾಹೇಬ್ರ? ನಿಮಗೇನರ ರಜಾ ಬೇಕಾಗಿದ್ರ ಹೇಳ್ರಿ, ಕೊಡ್ತೇನಿ."

ಬಸವನ ಬಾಗೇವಾಡಿ: ನಾನು

ನಾನು ಮ್ಯಾನೇಜರ್ ಆದಾಗ ಬೆಳಿಗ್ಗೆ ಇಂಡಿಯವರಂತೆ ಎಲ್ಲಕ್ಕೂ ಕೈ ಹಾಕುತ್ತಿದ್ದೆ, ಮಧ್ಯಾಹ್ನ ಸಿಂದಗಿಯವರಂತೆ ಎಲ್ಲರನ್ನೂ ಕೇಳುತ್ತಿದ್ದೆ, ಸಂಜೆ ತಲೆಕೆಟ್ಟು ಎಲ್ಲರಿಗೂ ಬೈಯುತ್ತಿದ್ದೆ. ಈ ಕೊನೆಯದಷ್ಟೇ ನನ್ನ ಸ್ವಂತದ್ದು.

ಬಂದ ಗಿರಾಕಿಗಳಿಗಂತೂ ನಾನು ಕಣ್ಣಿಗೇ ಕಾಣುತ್ತಿರಲಿಲ್ಲ. ಗೊಳಸಂಗಿಯ ಅಜ್ಜನೊಬ್ಬ, "ತಂಗೀ, ಸಾಹೇಬ್ರನ್ನ ಕರಿ" ಅಂದ.

"ನಾನ ಸಾಹೇಬ್ರು, ಅಜ್ಜಾ."

"ಅದಿರ್ಲಿ ಬಿಡವಾ. ಖರೇ ಸಾಹೇಬ್ರನ್ನ ಕರಿ."

ನಮ್ಮ ಗಂಡಸರಲ್ಲಿ ಒಬ್ಬರಾದರೂ "ಇವರ ನೋಡ್ರಿ, ನಮ್ಮ ಮ್ಯಾನೇಜರು" ಅನ್ನಲಿಲ್ಲ. ತಲೆ ತಗ್ಗಿಸಿ ನಗುತ್ತಿದ್ದರು.

ಹೀಗೇ ವರ್ಷ ಕಳೆಯಿತು. ಒಂದು ದಿನ ಮಾಲಕರು ಫೋನ್ ಮಾಡಿ, "ನಾಳಿಂದ ವಿಜಯಪುರದ ಆಫೀಸಿಗೆ ಬರ್ರಿ, ಅಲ್ಲಿಗೆ ಬೇರೆಯವರನ್ನ ಕಳಸ್ತೇನಿ" ಅಂದರು. ಎಲ್ಲರಿಗೂ ಸುದ್ದಿ ಹೇಳಿ, ಸಾಮಾನು ಕಟ್ಟಲು ಮನೆಗೆ ಹೋಗಿ, ಸಂಜೆ ಕೀಲಿಕೈ ಒಪ್ಪಿಸಲು ಬಂದರೆ ಶೋರೂಮ್ ಕಸ ಹೊಡೆದು ಸಿಂಗಾರವಾಗಿತ್ತು. ಗಂಡಸು ಮ್ಯಾನೇಜರಾದರೆ ಶಾಲು, ಹಾರ ಹಾಕಿ ಕಳಿಸುತ್ತಿದ್ದರು. ಹೆಣ್ಣುಮಗಳನ್ನು ಹಾಗೇ ಕಳಿಸಬಾರದೆಂದು ಇಲ್ಲಿನ ಹೆಡ್ ಮೆಕ್ಯಾನಿಕ್ಕು ತನ್ನ ಹೆಂಡತಿಯನ್ನೇ ಕರೆತಂದಿದ್ದ. ಆಕೆ ನನ್ನನ್ನು ಹೊಸ ಟ್ರ್ಯಾಕ್ಟರ್ ಮುಂದೆ ಕೂರಿಸಿ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಬಟ್ಟೆ ಸೆರಗಿಗೆ ಹಾಕಿ, ತವರಿನಿಂದ ಮಗಳನ್ನು ಕಳಿಸುವಂತೆ ಉಡಿ ತುಂಬಿದಳು.

ಆಮೇಲೆ ಭಾಷಣಗಳು. ಹೆಡ್ ಮೆಕ್ಯಾನಿಕ್ಕು, "ಇಂಥಾ ಮ್ಯಾನೇಜರು ಏಳು ಜನ್ಮಕ್ಕೂ ಸಿಗಂಗಿಲ್ಲ" ಅಂದ. ಸೇಲ್ಸಿನವನು, "ಇನ್ನೂ ಹತ್ತ್ ವರ್ಷ ಇಲ್ಲೇ ಇರಬೇಕಿತ್ತು" ಅಂದ. ವರ್ಷವಿಡೀ ನನ್ನ ಜೊತೆ ಮುಖ ಗಂಟಿಕ್ಕಿಕೊಂಡೇ ಇದ್ದ ಅಕೌಂಟಂಟ್, "ಬೈದ್ರೂ ತಾಯಿ ಬೈದಂಗ ಇರ್ತಿತ್ತು" ಎಂದು ಕಣ್ಣೊರೆಸಿಕೊಂಡ. ನಾನೂ ಅತ್ತೆ. ಅಂತೂ ಇವರು ನನ್ನನ್ನು ಒಪ್ಪಿಕೊಂಡರಲ್ಲ ಎಂದು ಉಡಿ ಹಿಡಿದುಕೊಂಡು ಮನೆಗೆ ಬಂದೆ. ಅಷ್ಟು ಸಂತೋಷ ನನ್ನ ನೌಕರಿಯಲ್ಲಿ ಎಂದೂ ಆಗಿರಲಿಲ್ಲ.

ಊಟಕ್ಕೆ ಕೂತಾಗ ಮಾಲಕರ ಫೋನ್ ಬಂತು. "ಬರಬೇಕಾದವರು ಒಲ್ಲೆ ಅಂದ್ರು. ನೀವ ಅಲ್ಲೇ ಮುಂದುವರೀರಿ."

ಮರುದಿನ ಬೆಳಿಗ್ಗೆ ಹೋದೆ. ಒಳಗೆ ಗಿರ್ಮಿಟ್ಟು, ಮಿರ್ಚಿ ಭಜಿ ಹರಡಿಕೊಂಡು ಜಾತ್ರೆಯೇ ನಡೆದಿತ್ತು. ನನ್ನ ಕುರ್ಚಿಯಲ್ಲಿ ಅಕೌಂಟಂಟ್ ಕಾಲ ಮೇಲೆ ಕಾಲು ಹಾಕಿ ರೀಲ್ಸ್ ನೋಡಿ ನಗುತ್ತಿದ್ದ. ನನ್ನನ್ನು ನೋಡಿ ಎಲ್ಲರೂ ಕೈಯಲ್ಲಿದ್ದ ಭಜಿ ಕೆಳಗಿಟ್ಟರು.

"ಏನರ ಮರತ್ ಹೋಗಿದ್ರೇನ್ರಿ ಮೇಡಮ್ಮಾರ?" ಹೆಡ್ ಮೆಕ್ಯಾನಿಕ್ಕು ಆಸೆಯಿಂದ ಕೇಳಿದ.

"ಇಲ್ಲಪ್ಪಾ, ಬದಲಿ ರದ್ದಾತು. ಇನ್ನ ಇಲ್ಲೇ ಇರ್ತೇನಿ."

ಗಂಡನಿಗೆ ಊಟದ ಡಬ್ಬಿ ತಂದಿದ್ದ ಅವನ ಹೆಂಡತಿ ಬಾಗಿಲಲ್ಲೇ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವಾ! ಉಡಿ ತುಂಬಿ ಕಳಿಸಿದಾಕಿ ಮರುದಿನಾನ ತಿರುಗಿ ಬಂದ್ರ ಮಂದಿ ಏನಂದಾರು?"

ಅಕೌಂಟಂಟ್ ಮೆಲ್ಲಗೆ ಎದ್ದು ತನ್ನ ಟಾವೆಲ್ಲಿನಿಂದ ಕುರ್ಚಿ ಒರೆಸಿ ನನ್ನ ಕಡೆ ಎಳೆದ. ಆಮೇಲೆ ಕೈಮುಗಿದು, ತಪ್ಪು ಮಾಡಿದವರ ದನಿಯಲ್ಲಿ ಹೇಳಿದ:

"ಮೇಡಮ್ಮಾರ, ನಿನ್ನಿ ನೀವು ಹೊಂಟ ಭರದಾಗ ಏನೇನೋ ಚೊಲೋ ಚೊಲೋ ಮಾತಾಡಿಬಿಟ್ವಿ. ದಯಮಾಡಿ ಮನಸಿಗೆ ಹಚ್ಕೋಬ್ಯಾಡ್ರಿ."