ಸೂಟು ಹಾಕಿಕೊಂಡು ಬನ್ನಿ

ಬೇಸ್‌ಬಾಲ್ ಆಡಿ ಅನ್ನ ತಿನ್ನುವವರಿಗೆ ಪಂದ್ಯಗಳು ಮುಗಿಯುವ ಅಕ್ಟೋಬರ್ ತಿಂಗಳಲ್ಲಿ ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ತಂಡದ ಕಚೇರಿಯಿಂದ "ನಾಳೆ ಸೂಟು ಹಾಕಿಕೊಂಡು ಬನ್ನಿ" ಎಂದರೆ ಮುಗಿಯಿತು; ಋಣ ಹರಿಯಿತು ಎಂದೇ ಅರ್ಥ. ಜಪಾನಿನ ಕೊಕುರಾ ಊರಿನ ತೋಕುನಾಗನಿಗೆ ಆ ಫೋನ್ ಬಂದೇ ಬಂತು. ತಂಡದ ಮೀಸಲು ಕ್ಯಾಚರ್ ಅವನು. ಕೂತೆದ್ದರೆ ಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಚೆಂಡು ಹಿಡಿಯುವುದು ಬಿಟ್ಟರೆ ಬೇರೆ ಕಸುಬು ಬಾರದು.

"ಅಳ್ಬೇಡ್ರೀ," ಎಂದಳು ಹೆಂಡತಿ ಸಾಯೊ, ತಾನೇ ಅಳುತ್ತ ಸೂಟಿಗೆ ಇಸ್ತ್ರಿ ಹಾಕುತ್ತ. ಮನೆಯಲ್ಲಿ ತೀರಿಹೋದ ಹಿರಿಯರನ್ನು ಪೂಜಿಸುವ ಗೂಡಿನ ಮುಂದೆ ಗಂಟೆ ಬಾರಿಸಿ ಕಳುಹಿಸಿದಳು.

ಓಣಿಗೆ ಕಾಲಿಟ್ಟನೋ ಇಲ್ಲವೋ, ತೋಫು ಅಂಗಡಿಯ ಹಮಾಸಾಕಿ ಅಜ್ಜಿ ಹಿಡಿದು ನಿಲ್ಲಿಸಿದಳು.

"ಅಯ್ಯೋ ತಮ್ಮಾ, ಸೂಟಾ? ಹೋಯ್ತಾ ಕೆಲ್ಸ?"

"ಇನ್ನೂ ಇಲ್ಲ ಅಜ್ಜಿ, ಕಳ್ಕೊಳ್ಳೋಕೇ ಹೋಗ್ತಿದೀನಿ."

"ನಮ್ಮಲ್ಲಿ ಸೋಯಾ ರುಬ್ಬೋಕೆ ಜನ ಬೇಕು. ಕೋಳಿ ಕೂಗೋಕೆ ಮುಂಚೆ ಬರ್ಬೇಕು, ಅಷ್ಟೆ."

ಕ್ಷೌರದಂಗಡಿಯ ಉಶಿಜಿಮಾ ಕತ್ತರಿ ಹಿಡಿದೇ ಹೊರಬಂದ. ಅವನ ಗಿರಾಕಿ ಅರ್ಧ ಕ್ಷೌರದ ತಲೆಯಲ್ಲೇ ಹಿಂದೆ ಬಂದ.

"ಒಳ್ಳೇದೇ ಆಯ್ತು ಬಿಡಯ್ಯ. ಆ ಗುಂಜಿ ಕೋಚ್ ಬೈಗುಳಾನ ಹನ್ನೊಂದು ವರ್ಷ ನುಂಗಿದೀಯ. ಇವತ್ತು ಉಗುಳಿ ಬಾ!"

"ಛೆ, ಹಿರಿಯರು..."

"ಹೊಳೆ ದಾಟಿದ್ಮೇಲೆ ಅಂಬಿಗನ ಹಂಗೇನೋ?"

ಅಜ್ಜಿ ಚಪ್ಪಾಳೆ ತಟ್ಟಿದಳು. ಓಣಿಗೆ ಓಣಿಯೇ ತಟ್ಟಿತು. ಕೈಯೆತ್ತಿ "ಬಾಂಜಾಯ್" ಎಂದು ಜಯಕಾರ ಕೂಗಿ, ದಂಡಿಗೆ ಹೊರಟವನಂತೆ ಅವನನ್ನು ಬಸ್ಸು ಹತ್ತಿಸಿದರು. ಬಸ್ಸಿನುದ್ದಕ್ಕೂ ಉಶಿಜಿಮಾನ ಮಾತು ಹರಿಕಥೆಯ ಪಲ್ಲವಿಯಂತೆ ಅವನ ತಲೆಯಲ್ಲಿ ಸುತ್ತಿ ಸುತ್ತಿ ಬಂತು.

ಕಚೇರಿಯ ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಗುಂಜಿ, ಒಬ್ಬರೇ.

"ಏನಯ್ಯಾ, ಹರಳೆಣ್ಣೆ ಕುಡಿದೋನ ಥರ ಮುಖ?"

ತೋಕುನಾಗ ಸೊಂಟ ಬಗ್ಗಿಸಿ ವಂದಿಸಿದ. ಬಗ್ಗಿದವನು ಏಳಲಿಲ್ಲ, ನೆಲ ನೋಡುತ್ತಲೇ ಶುರುಮಾಡಿದ.

"ಕೋಚ್ ಅವರೇ, ಕ್ಷಮಿಸಿ. ಮೂಗು ಕಿವಿ ಮುಟ್ಕೊಂಡು ನೀವು ಕೊಡೋ ಸನ್ನೆ ಸೊಳ್ಳೆ ಕಚ್ಚಿಸ್ಕೊಂಡೋರ ಥರ ಇರುತ್ತೆ! ಯಾವ್ದು ಸನ್ನೆ, ಯಾವ್ದು ತುರಿಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ! ಗೆದ್ರೆ ನಿಮ್ಮ ಬುದ್ಧಿ, ಸೋತ್ರೆ ನನ್ನ ತಪ್ಪು! ಆಟದ ಮಧ್ಯೆ ಟೋಪಿ ಮುಖಕ್ಕೆಳ್ಕೊಂಡು ನಿದ್ದೆ ಹೊಡೀತೀರಿ, ನಿಮ್ಮ ಗೊರಕೆ ಮೈದಾನದ ನಡುವೆ ಚೆಂಡು ಎಸೆಯೋ ಪಿಚರ್‌ಗೂ ಕೇಳುತ್ತೆ! ಕ್ಷಮಿಸಿ!"

ಗುಂಜಿ ಲಿಫ್ಟು ನಿಂತೊಡನೆ ಇಳಿದು ಕೈ ತೊಳೆಯಲು ಹೋದರು. ತೋಕುನಾಗನಿಗೆ ಮೂಟೆ ಇಳಿಸಿದ ಹಮಾಲನಷ್ಟು ಹಗುರವಾಯಿತು. ಎದೆಯೆತ್ತಿ ತಂಡದ ಅಧ್ಯಕ್ಷರ ಕೋಣೆಗೆ ನಡೆದ.

ಅಧ್ಯಕ್ಷರು ಎದ್ದೇ ನಿಂತರು. "ಬನ್ನಿ ಬನ್ನಿ, ಅಭಿನಂದನೆ! ಬರೋ ವರ್ಷ ಆಟದ ಜೊತೆ ಕೋಚ್ ಕೆಲಸಾನೂ ನಿಮ್ದೇ. ಪತ್ರಿಕೆಯೋರು ಫೋಟೊ ತೆಗೀತಾರೆ, ಅದಕ್ಕೇ ಸೂಟು ಅಂದಿದ್ದು."

ತೋಕುನಾಗ ಕುರ್ಚಿ ಹಿಡಿದುಕೊಂಡ. "ನನ್ನ... ತೆಗೆದುಹಾಕ್ತಿಲ್ವಾ?"

"ತೆಗೆಯೋಣ ಅಂತಲೇ ಇದ್ವಿ. ಕೋಚ್‌ಗಳಿಗೆಲ್ಲ ಮೇಲಿರೋ ತಂಡದ ಹೊಸ ಮ್ಯಾನೇಜರ್ ಹಟ ಹಿಡಿದ್ರು. 'ಹನ್ನೊಂದು ವರ್ಷದಲ್ಲಿ ಒಂದು ದಿನ ಎದುರು ಮಾತಾಡಿದೋನಲ್ಲ, ನಂಗೆ ಅವನೇ ಬೇಕು' ಅಂದ್ರು."

"ಹೊಸ ಮ್ಯಾನೇಜರ್... ಯಾರು?"

ಬಾಗಿಲು ತೆರೆಯಿತು. ಗುಂಜಿ ಒದ್ದೆ ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ ಒಳಬಂದರು. ತೋಕುನಾಗನತ್ತ ನೋಡದೆ ಕೂತು, ನಿಧಾನವಾಗಿ ಕೇಳಿದರು:

"ಅಧ್ಯಕ್ಷರೇ, ಮೊನ್ನೆ ಇನ್ನೊಬ್ಬ ಕ್ಯಾಚರ್ ವಿಷಯ ಹೇಳ್ತಿದ್ರಲ್ಲ... ಅವನ ಹೆಸರೇನಂದ್ರಿ?"